ಮಾವನ ವಿಮಾನಕ್ಕೆ ಚೌಡನ ಕಾಲು

ನೂಲಕೆರೆ ಅಂತ ಒಂದೂರು. ಮನೆ ತುಂಬ ಮಗ್ಗ, ಬೀದಿ ತುಂಬ ದಾರ. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳು, ಸೀರೆ ನೇಯುವವಳು. ಅವಳಿಗೆ ಒಬ್ಬನೇ ಮಗ, ಹೆಸರು ಚೌಡ. ಆಳು ಆರಡಿ, ತಲೆಯೊಳಗೆ ಮಾತ್ರ ಬರೀ ಗಾಳಿ. ಹಾಗಂತ ಸೋಮಾರಿಯಾ? ಅಲ್ಲ. ಸುಳ್ಳುಗಾರನಾ? ಅಲ್ಲ. ಎದುರುತ್ತರ ಕೊಡ್ತಾನಾ? ಊಹೂಂ, ಅದೂ ಇಲ್ಲ. ಹೇಳಿದ್ದನ್ನು ಮಾಡ್ತಾನೆ. ಅದೇ ಬಂದದ್ದು ತೊಂದರೆ! ಹೇಳಿದ್ದನ್ನಷ್ಟೇ ಮಾಡ್ತಾನೆ, ಹೇಳಿದ ಹಾಗೇ ಮಾಡ್ತಾನೆ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ.

ಒಂದು ದಿನ ದೇವೀರಮ್ಮನ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯ್ತು. ಅದನ್ನೇ ಮಗನ ಕೈಗೆ ಕೊಟ್ಟು, "ಪೇಟೆಗೆ ಹೋಗಿ ಇಂಥದ್ದೇ ಒಂದು ಜೊತೆ ತಗೊಂಡು ಬಾರ್ಲಾ" ಅಂದಳು. ಚೌಡ ಹೋದ, ತಂದ. ನೋಡ್ತಾಳೆ, ಎರಡೂ ಎಡಗಾಲಿಂದು! ಎರಡರ ಉಂಗುಟವೂ ಕಿತ್ತಿದೆ!

"ಇದೇನ್ಲಾ ಇದು?"

"ಇಂಥದ್ದೇ ಅಂದೆಯಲ್ಲವ್ವ. ಅಂಗಡೀಲಿ ಎಲ್ಲಾ ಗಟ್ಟಿಯಾಗಿದ್ದೋ. ನಾನೇ ಬ್ಲೇಡು ಇಸ್ಕೊಂಡು ಕುಯ್ದೆ."

"ಅಯ್ಯೋ ನನ್ನ ಹಣೆಬರಹವೇ! ಲೇ, ಕಾಲಿಗೆ ಬೇಕಾದ್ದು ಕೊಳ್ಳುವಾಗ ಎರಡೂ ಕಾಲಿಗೆ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ನೋಡಬೇಕು ಕಣ್ಲಾ! ನಡೆದು ನೋಡಬೇಕು!"

"ಆಗ್ಲಿ ಕಣವ್ವ, ಇನ್ಮೇಕೆ ಹಂಗೇ ಮಾಡ್ತೀನಿ."

ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ ಹೇಳಿ? ಊರಲ್ಲಿ ಯಾರೂ ಕೊಡಲಿಲ್ಲ, ಪಕ್ಕದೂರಲ್ಲೂ ಕೊಡಲಿಲ್ಲ. ದೇವೀರಮ್ಮನಿಗೆ ಉಳಿದದ್ದು ಒಂದೇ ಆಸೆ, ಅವಳ ಅಣ್ಣ ಬನಶಂಕರಪ್ಪನ ಮಗಳು ಚಂಪಾ. ಜಾಣೆ ಹುಡುಗಿ, ಕಂಪ್ಯೂಟರು ಕಲಿತವಳು. ಚೌಡನನ್ನು ಕಂಡರೆ ಅವಳೂ ನಗುತ್ತಿದ್ದಳು, ಆದರೆ ಊರವರು ನಗುವ ಹಾಗಲ್ಲ, ಮನಸ್ಸಿಟ್ಟು ನಗುತ್ತಿದ್ದಳು. ದೇವೀರಮ್ಮ ಮೂರು ವರ್ಷದಿಂದ ಅಣ್ಣನ ಮನೆ ಹೊಸ್ತಿಲು ಸವೆಸಿದ್ದಳು. "ಅಣ್ಣಯ್ಯ, ವೀಳ್ಯ ಯಾವಾಗ ಬದಲಾಯಿಸೋದು?" ಅಂದರೆ ಅವನು, "ನೋಡಾಣ ತಡಿ ತಂಗಿ" ಅನ್ನುತ್ತಿದ್ದ. ಮೂರು ವರ್ಷವೂ ಅದೇ "ನೋಡಾಣ ತಡಿ".

ಈ ಬನಶಂಕರಪ್ಪ ದೊಡ್ಡ ಸೀರೆ ವ್ಯಾಪಾರಿ. ಇದ್ದಕ್ಕಿದ್ದ ಹಾಗೆ ಅವನಿಗೊಂದು ಹುಚ್ಚು ಹಿಡಿಯಿತು. ಚಂಪಾ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಹಾಕಿಕೊಂಡಿದ್ದಳು. ಅಪ್ಪ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೇ ದಿನ ಮಗಳನ್ನು ಎಬ್ಬಿಸಿ ತಾನೇ ಕೂತ! ಆಮೇಲೆ ಏಳಲೇ ಇಲ್ಲ. ಬಿಳಿ ಟೋಪಿ ತಂದ, ಭುಜಕ್ಕೆ ಚಿನ್ನದ ಪಟ್ಟಿ ಹೊಲಿಸಿದ. ಅಂಗಡಿಗೆ ಬಂದ ಗಿರಾಕಿಗಳಿಗೆ ಸೀರೆ ತೋರಿಸುತ್ತಾ, "ನೆನ್ನೆ ಗೋವಾದ ಮೇಲೆ ಹೋಗ್ತಿದ್ದೆ, ಭಾರಿ ಮೋಡ" ಅನ್ನುತ್ತಿದ್ದ. ಏರಿಸಿದ ವಿಮಾನವನ್ನು ಒಂದು ಸಲವಾದರೂ ನೆಟ್ಟಗೆ ಇಳಿಸಿದ್ದನಾ? ಇಲ್ಲ! ಕೆಲವನ್ನು ಕೆರೆಗೆ ಇಳಿಸಿದ, ಕೆಲವನ್ನು ಗುಡ್ಡಕ್ಕೆ. ಅದು ಚಂಪಾಗೆ ಮಾತ್ರ ಗೊತ್ತು.

ಈಗ ಅವನು ತಂಗಿಯನ್ನು ಕರೆಸಿ ಹೇಳಿದ. "ತಂಗಿ, ಬರೋ ಭಾನುವಾರ ನೇಕಾರ ಸಂಘದ ಯಜಮಾನರು ಅಡವೀಶಯ್ಯನೋರು ನಮ್ಮನೆಗೆ ಬರ್ತಾರೆ. ಅವರ ಮುಂದೆ ಬೆಂಗಳೂರಿಂದ ಮೈಸೂರಿಗೆ ವಿಮಾನ ಹಾರಿಸ್ತೀನಿ. ಕಾಲಲ್ಲಿ ತುಳಿಯೋ ಪೆಡಲು ಹಾಳಾಗಿದೆ, ಪ್ಲಾಸ್ಟಿಕ್ಕಿಂದು, ಒತ್ತಿದರೆ ನೆಲದ ಮೇಲೆ ಜಾರಿ ಹೋಗ್ತದೆ. ನಿನ್ನ ಮಗನ್ನ ಕಳಿಸು, ಹೊಸದು ತರಲಿ. ಭಾನುವಾರದ ತನಕ ಹೇಳಿದ ಕೆಲಸ ಮಾಡ್ಕೊಂಡಿರಲಿ. ಒಂದು ಎಡವಟ್ಟಿಲ್ಲದೆ ನಡೆದರೆ ಯಜಮಾನರ ಮುಂದೇನೇ ವೀಳ್ಯ ಬದಲಾಯಿಸಾಣ."

ದೇವೀರಮ್ಮನ ಕಣ್ಣಲ್ಲಿ ನೀರೇ ಬಂತು. "ಒಂದು ಎಡವಟ್ಟಿಲ್ಲದೆ" ಅನ್ನುವ ಮಾತು ಮಾತ್ರ ಎದೆಯಲ್ಲಿ ಮುಳ್ಳಾಡಿತು.

ಚೌಡ ತುಮಕೂರಿಗೆ ಹೋದ. ಅಂಗಡಿಯವನು ಮೂರು ತರದ ಪೆಡಲು ಇಟ್ಟ. "ಇದು ಹಗುರ, ಮಕ್ಕಳಾಟಕ್ಕೆ. ಇದು ನಡುವಿಂದು, ಸ್ಪ್ರಿಂಗು ಮೆತ್ತಗಿದೆ. ಇದು ಪೂರಾ ಕಬ್ಬಿಣ. ಎಡ ತುಳಿದರೆ ವಿಮಾನದ ಮೂತಿ ಎಡಕ್ಕೆ, ಬಲ ತುಳಿದರೆ ಬಲಕ್ಕೆ. ಮೇಲ್ತುದೀನ ಬೆರಳಲ್ಲಿ ಒತ್ತಿದರೆ ಬ್ರೇಕು. ಯಾವುದು ಬೇಕು, ನೋಡಿ."

ಚೌಡ ನೋಡಿದ. ಕಾಲಿಗೆ ಬೇಕಾದ ವಸ್ತು. ಅವ್ವ ಏನಂದಿದ್ದಳು? ಹೆಗಲ ಮೇಲಿದ್ದ ಟವಲನ್ನು ಎರಡಾಗಿ ಹರಿದ. ಕಬ್ಬಿಣದ್ದನ್ನು ಎರಡೂ ಕಾಲಿಗೆ ಬಿಗಿದು ಕಟ್ಟಿಕೊಂಡ. ಎದ್ದು ನಿಂತ!

"ಏಯ್, ಏನ್ ಮಾಡ್ತಿದೀಯ?"

"ನಡೆದು ನೋಡ್ತೀನಿ ಸಾರ್."

ಒಂದು ಹೆಜ್ಜೆ ಇಟ್ಟ. ಎರಡನೆಯದನ್ನು ಎತ್ತಿದ. ಮೂರನೆಯದು ಗಾಜಿನ ಬೀರುವಿನೊಳಗೇ ಹೋಯಿತು! ಫಳಾರ್! ಚೌಡ ಬಿದ್ದಲ್ಲಿಂದಲೇ, "ಸಾರ್, ಇನ್ನೊಂದು ಹೆಜ್ಜೆ ಬಾಕಿ ಅದೆ" ಅಂದ.

ಅಂಗಡಿಯವನು ತಲೆ ತಲೆ ಚಚ್ಚಿಕೊಂಡ. "ಇದೇನು ಮೆಟ್ಟೇನಯ್ಯಾ, ಹಾಕ್ಕೊಂಡು ತಿರುಗೋಕೆ! ಕಾಲ ಕೆಳಗಿನ ವಸ್ತು ಕದಲಬಾರದು! ನೆಲಕ್ಕೆ ಇಟ್ಟು, ಸ್ಕ್ರೂ ಹೊಡೆದು, ಅಲ್ಲಾಡದ ಹಾಗೆ ಬಿಗಿ ಮಾಡಬೇಕು! ತಿಳೀತಾ? ಬಿದ್ದು ಪೆಡಲು ತರಚಿದ್ದೀಯ, ಈಗ ಅದನ್ನೇ ತಗೊಂಡು ಹೋಗು!"

"ಆಗ್ಲಿ ಸಾರ್, ಇನ್ಮೇಕೆ ಹಂಗೇ ಮಾಡ್ತೀನಿ."

ಇಂಥ ಪೆಡಲು ಕೊಳ್ಳುವ ಜಾಣರು ಮೂರು ಮೂರು ತಿಂಗಳು ಅದನ್ನೂ ಇದನ್ನೂ ಹೋಲಿಸಿ ನೋಡಿ, ಕಡೆಗೆ ಕೊಳ್ಳುವುದು ಅದೇ ಕಬ್ಬಿಣದ್ದಂತೆ. ನಮ್ಮ ಚೌಡ ಎರಡೂವರೆ ಹೆಜ್ಜೆಯಲ್ಲಿ ಆರಿಸಿಬಿಟ್ಟ.

ಮಾವನ ಮನೆಗೆ ಬಂದ. ಬಾಗಿಲ ಹತ್ತಿರ ಮರದ ಹಲಗೆ, ಹಲಗೆ ಮೇಲೆ ಮಾವನ ಹೊಸ ಚಪ್ಪಲಿ. ಚೌಡ ಕಾಲಲ್ಲಿ ಮುಟ್ಟಿ ನೋಡಿದ. ಕದಲಿತು! ಕಾಲ ಕೆಳಗಿನ ವಸ್ತು ಕದಲಬಹುದಾ? ಪೆಟ್ಟಿಗೆಯಿಂದ ಸ್ಕ್ರೂ ತೆಗೆದ. ಎಡದ್ದಕ್ಕೆ ನಾಲ್ಕು, ಬಲದ್ದಕ್ಕೆ ನಾಲ್ಕು. ಅಲ್ಲಾಡಿಸಿ ನೋಡಿದ, ಭದ್ರ!

ಅಷ್ಟರಲ್ಲಿ ಬನಶಂಕರಪ್ಪ ಅಂಗಡಿಗೆ ಹೊರಟ. ಚಪ್ಪಲಿಯೊಳಗೆ ಕಾಲು ತೂರಿಸಿದ, ಗತ್ತಿನಿಂದ ಮುಂದೆ ನಡೆದ. ಮೈ ಹೋಯಿತು, ಕಾಲು ಬರಲಿಲ್ಲ! ಮೆಟ್ಟಿಲ ಮೇಲೆ ಮಂಡಿಯೂರಿ ಬಿದ್ದ ಸದ್ದು ಮೂರು ಮನೆಗೆ ಕೇಳಿತು. ದೇವೀರಮ್ಮ ಮಗ್ಗ ಬಿಟ್ಟು ಓಡಿ ಬಂದಳು. ನೋಡ್ತಾಳೆ, ಅಣ್ಣನ ಮಂಡಿ ತೆಂಗಿನಕಾಯಿ ಗಾತ್ರ ಊದಿದೆ, ಮಗ ಸ್ಕ್ರೂ ಡ್ರೈವರ್ ಹಿಡಿದು ನಗುಮುಖದಲ್ಲಿ ನಿಂತಿದ್ದಾನೆ.

"ಪೆಡಲಿಗೆ ಹೊಡೀಬೇಕು ಕಣೋ ಮುಠ್ಠಾಳ! ಮೇಜಿನ ಕೆಳಗೆ ಪೆಡಲು ಇಟ್ಟು ಪೆಡಲಿಗೆ ಹೊಡಿ!" ಅಂತ ಬನಶಂಕರಪ್ಪ ನರಳಿದ.

"ಆಗ್ಲಿ ಮಾವ, ಇನ್ಮೇಕೆ ಹಂಗೇ ಮಾಡ್ತೀನಿ."

ಪೆಡಲನ್ನೇನೋ ಮೇಜಿನ ಕೆಳಗೆ ಬಿಗಿ ಮಾಡಿದ. ಆದರೆ ತುಳಿಯುವವರು ಯಾರು? ಮಾವನ ಮಂಡಿ ಮಡಚಲೂ ಆಗದು, ಚಾಚಲೂ ಆಗದು. ಯಜಮಾನರಿಗೆ ಆಗಲೇ ಹೇಳಿ ಕಳಿಸಿ ಆಗಿದೆ.

ಚಂಪಾ ಅಂದಳು, "ಅಪ್ಪ, ಭಾನುವಾರ ನಾನೇ ಹಾರಿಸ್ತೀನಿ ಬಿಡಿ."

"ಹೆಣ್ಣುಮಗಳು ವಿಮಾನ ಹಾರಿಸೋದಾ! ನಾನು ಟೋಪಿ ಹಾಕ್ಕೊಂಡು ಪಕ್ಕದಲ್ಲಿ ಕಡ್ಲೇಪುರಿ ತಿನ್ನೋದಾ! ಯಜಮಾನರು ಏನಂದ್ಕೊಂಡಾರು!"

ಯೋಚಿಸಿದ, ಯೋಚಿಸಿದ, ಕಡೆಗೆ ಒಂದು ಉಪಾಯ ಹೊಳೆಯಿತು. ಮೇಜಿಗೆ ನೆಲ ಮುಟ್ಟುವ ಹಾಗೆ ಒಂದು ಸೀರೆ ಹೊದಿಸುವುದು. ಕೆಳಗೆ ಚೌಡ ಕೂರುವುದು. ಕೈ ಮಾವನದು, ಕಾಲು ಚೌಡನದು, ಹೆಸರು ಮಾತ್ರ ಪೂರಾ ಮಾವನದು!

ದೇವೀರಮ್ಮ ಆ ಪೆಡಲನ್ನು ಬಗ್ಗಿ ನೋಡಿದಳು. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಇದೇನು ದೊಡ್ಡ ವಿದ್ಯೆ! ಅವಳ ಮಗ್ಗದ ಗುಂಡಿಯಲ್ಲೂ ಇಂಥದ್ದೇ ಎರಡು ಹಲಗೆ, ಹುಟ್ಟಿದಾಗಿಂದ ತುಳಿದದ್ದು. "ನಮ್ಮ ಮಗ್ಗದ ಹಂಗೇ ಅದೆ ಕಣ್ಲಾ" ಅಂದಳು ಹೆಮ್ಮೆಯಿಂದ. "ಎಡ ಆದ್ಮೇಲೆ ಬಲ, ಬಲ ಆದ್ಮೇಲೆ ಎಡ. ಕಾಲು ನಿಲ್ಲಿಸಬೇಡ."

"ಆಗ್ಲಿ ಕಣವ್ವ."

ಬನಶಂಕರಪ್ಪ ಟೋಪಿ ಹಾಕಿಕೊಂಡು ವಿಮಾನ ಹೊರಡಿಸಿದ. ಕೆಳಗೆ ಚೌಡ ಶುರು ಮಾಡಿದ. ಎಡ, ಬಲ, ಎಡ, ಬಲ, ಎಡ, ಬಲ! ವಿಮಾನ ರನ್‌ವೇ ಮೇಲೆ ಅತ್ತ ಬಳುಕಿತು, ಇತ್ತ ಬಳುಕಿತು, ದೀಪದ ಕಂಬಗಳನ್ನೆಲ್ಲ ಉರುಳಿಸಿಕೊಂಡು ಹುಲ್ಲಿನ ಮೇಲೆ ಹೋಗಿ ನಿಂತಿತು. ಚೌಡ ಮಾತ್ರ ನಿಲ್ಲಲಿಲ್ಲ. ಎಡ, ಬಲ, ಎಡ, ಬಲ!

"ನಿಲ್ಸೋ! ಸೀರೆ ನೇಯ್ತಿದೀಯೇನೋ! ನಾನು ಹೇಳದೆ ಕಾಲು ಅಲ್ಲಾಡಿಸಬೇಡ! ಎಡ ಅಂದರೆ ಎಡ, ಬಲ ಅಂದರೆ ಬಲ. ಅದೂ ಮೆತ್ತಗೆ, ಮಲಗಿರೋ ಮಗು ಮೇಲೆ ಕೈಯಿಟ್ಟ ಹಾಗೆ!"

"ಆಗ್ಲಿ ಮಾವ, ಇನ್ಮೇಕೆ ಹಂಗೇ ಮಾಡ್ತೀನಿ."

ದೇವೀರಮ್ಮ ತಲೆ ತಗ್ಗಿಸಿಕೊಂಡು ಮನೆಗೆ ಹೋದಳು. ಈ ಸಲ ತಪ್ಪು ಹೇಳಿಕೊಟ್ಟವಳು ತಾನೇ. ಅದು ಅವಳಿಗೆ ತುಂಬ ಚುಚ್ಚಿತು.

ಮಾರನೇ ದಿನ ಬನಶಂಕರಪ್ಪ ಮಂಡಿ ತೋರಿಸಲು ಹೊರಟ. ಸ್ಕೂಟರು ಚೌಡನ ಕೈಗೆ, ಹಿಂದೆ ಮಾವ, ಊದಿದ ಕಾಲು ಪಕ್ಕಕ್ಕೆ ಇಳಿಬಿಟ್ಟು. ಆ ಹೊತ್ತಿಗೆ ದೇವೀರಮ್ಮನೂ ಇನ್ನು ನಾಲ್ವರು ಹೆಂಗಸರೂ ಬೀದಿಯುದ್ದ ಕೋಲು ನೆಟ್ಟು, ಸೀರೆಯ ಹಾಸು, ಅಂದರೆ ಉದ್ದನೆಯ ಎಳೆ, ಸಾವಿರಾರು ದಾರ ಹರವಿ ಗಂಜಿ ಹಚ್ಚುತ್ತಿದ್ದರು. ತಿರುವಿನಲ್ಲಿ ಸ್ಕೂಟರು ಬಂತು. ಬ್ರೇಕು ಬಲಗಾಲಿನ ಕೆಳಗೆ.

"ನಿಲ್ಸೋ ಚೌಡ! ನಿಲ್ಸೋ!"

ಹೇಳದೆ ಕಾಲು ಅಲ್ಲಾಡಿಸಬಹುದಾ? "ಎಡಾನೋ ಬಲಾನೋ ಹೇಳಿ ಮಾವ!"

"ಬ್ರೇಕು ಕಣೋ, ಬ್ರೇಕು!"

"ಎಡಾನೋ, ಬಲಾನೋ?"

"ಬಲ! ಬಲ! ಬಲ!"

ಚೌಡ ಒತ್ತಿದ. ಹೆಂಗೆ ಒತ್ತಿದ? ಮಲಗಿರೋ ಮಗು ಮೇಲೆ ಕೈಯಿಟ್ಟ ಹಾಗೆ ಒತ್ತಿದ! ಸ್ಕೂಟರು ಹಾಸಿನೊಳಗೆ ನುಗ್ಗಿತು. ಕೋಲುಗಳು ಹಾರಿದವು, ಹೆಂಗಸರು ಚೀರಿದರು. ಬನಶಂಕರಪ್ಪ ಆರು ಉರುಳು ಉರುಳಿ ಎದ್ದು ಕೂತಾಗ ಮೈಮೇಲೆ ಎರಡು ಸೀರೆಯ ದಾರ ಸುತ್ತಿಕೊಂಡಿತ್ತು, ಮೂಗು ಒಂದೇ ಹೊರಗಿತ್ತು. ದೇವೀರಮ್ಮ ಕತ್ತರಿ ತಂದು ಅಣ್ಣನನ್ನು ಬಿಡಿಸುತ್ತಾ ಬಿಡಿಸುತ್ತಾ ಅತ್ತಳು. ದಾರ ಹೋಯಿತೆಂದು ಅಲ್ಲ, ವೀಳ್ಯ ಹೋಯಿತಲ್ಲ ಎಂದು.

ದಾರದೊಳಗಿಂದಲೇ ಅಣ್ಣ ಅರಚಿದ. "ಎದುರಿಗೆ ಅಡ್ಡ ಏನಾದ್ರೂ ಕಂಡರೆ ಯಾರನ್ನೂ ಕೇಳಬೇಡ! ಎರಡೂ ಕಾಲು ಊರಿ, ಮೈಭಾರ ಎಲ್ಲಾ ಹಾಕಿ ಒತ್ತು! ಒತ್ತು!"

"ಆಗ್ಲಿ ಮಾವ, ಇನ್ಮೇಕೆ ಹಂಗೇ ಮಾಡ್ತೀನಿ."

ಬೇರೆ ದಿನವಾಗಿದ್ದರೆ ಮಾವ ಅವನನ್ನು ಅಲ್ಲೇ ಓಡಿಸುತ್ತಿದ್ದ. ಆದರೆ ಮಂಡಿ ಈಗ ಇನ್ನೂ ಕೆಟ್ಟಿತ್ತು. ಇನ್ನೊಬ್ಬನನ್ನು ಕರೆದು ಕೂರಿಸಿದರೆ ಗುಟ್ಟು ಊರೆಲ್ಲ ಸಾರುತ್ತಾನೆ. ಚೌಡನೇ ಗತಿ! "ಭಾನುವಾರ ಒಂದು ದಿನ ನೆಟ್ಟಗೆ ನಡೀಲಿ ತಂಗಿ, ವೀಳ್ಯ ನಿಂದೇ" ಅಂದ. ದೇವೀರಮ್ಮ ಮನೆದೇವರಿಗೆ ಹರಕೆ ಹೊತ್ತಳು.

ಭಾನುವಾರ ಬೆಳಗ್ಗೆ ಬನಶಂಕರಪ್ಪ ಚೌಡನನ್ನು ಮೇಜಿನ ಕೆಳಗೆ ಕೂರಿಸಿ, ಬೆರಳು ಆಡಿಸಿ ಹೇಳಿದ. "ಕೇಳು. ಜನರೆದುರು ಎಡ ಬಲ ಅನ್ನೋಕೆ ಆಗಲ್ಲ. ಒಂದು ಕೆಮ್ಮು ಕೇಳಿದರೆ ಎಡ. ಎರಡು ಕೆಮ್ಮು ಕೇಳಿದರೆ ಬಲ. ಏನೇ ಆಗಲಿ, ಯಾರೇ ಕರೀಲಿ, ನಾನು ಹೇಳೋ ತನಕ ಹೊರಗೆ ಬರಬೇಡ, ಒಂದು ಮಾತೂ ಆಡಬೇಡ."

"ಆಗ್ಲಿ ಮಾವ, ಹಂಗೇ ಮಾಡ್ತೀನಿ."

ಯಜಮಾನ ಅಡವೀಶಯ್ಯ ಬಂದ. ಜೊತೆಗೆ ಸಂಘದ ಏಳೆಂಟು ಮಂದಿ ಹಿರಿಯರು. ಅಡವೀಶಯ್ಯನಿಗೆ ಎಂಬತ್ತು ವರ್ಷ, ಕೈಯಲ್ಲಿ ಊರುಗೋಲು. ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಸಿದ್ಧ ಮಾಡಿಟ್ಟು ದೇವೀರಮ್ಮ ಬಾಗಿಲ ಹತ್ತಿರ ನಿಂತಳು. ಅವಳ ಕಣ್ಣು ವಿಮಾನದ ಮೇಲಿರಲಿಲ್ಲ, ಮೇಜಿಗೆ ಹೊದಿಸಿದ ಸೀರೆಯ ಮೇಲಿತ್ತು.

ಬನಶಂಕರಪ್ಪ ಟೋಪಿ ನೇರ ಮಾಡಿಕೊಂಡ. ವಿಮಾನ ಹೊರಟಿತು. ಮೂತಿ ಬಲಕ್ಕೆ ಎಳೆಯಿತು. ಖೊಹ್! ಕೆಳಗೆ ಎಡ ಒತ್ತಿತು, ಮೂತಿ ನೇರವಾಯಿತು. ಎಡಕ್ಕೆ ಎಳೆಯಿತು. ಖೊಹ್, ಖೊಹ್! ಮತ್ತೆ ನೇರ! ವಿಮಾನ ಬೆಣ್ಣೆಯಂತೆ ಏರಿತು. "ಭಲೇ ಬನಶಂಕರಪ್ಪ!" ಅಂದರು ಹಿರಿಯರು. "ಯಾವ ವಿದ್ಯೆ ಬಿಟ್ಟಿದ್ದೀಯಯ್ಯ!" ಬನಶಂಕರಪ್ಪ ಮೀಸೆಯಡಿಯಲ್ಲಿ ನಕ್ಕ. "ಎಲ್ಲಾ ಕಾಲಲ್ಲೇ ಇರೋದು ಯಜಮಾನ್ರೇ" ಅಂದ, ನಾಚಿಕೆಯಿಲ್ಲದೆ.

ವಿಮಾನ ರಾಮನಗರ ದಾಟಿತ್ತೋ ಇಲ್ಲವೋ, ಅಡವೀಶಯ್ಯನಿಗೆ ಕೆಮ್ಮು ಬಂತು. ಎಂಬತ್ತು ವರ್ಷದ ಗೂರಲು ಕೆಮ್ಮು! ಶುರುವಾದರೆ ನಿಲ್ಲುತ್ತದೆಯೇ? ಒಂದು ಕೆಮ್ಮಿದ, ವಿಮಾನ ಎಡಕ್ಕೆ. ಎರಡು ಕೆಮ್ಮಿದ, ವಿಮಾನ ಬಲಕ್ಕೆ. ಯಾರ ಕೆಮ್ಮು ಅಂತ ಮಾವ ಹೇಳಿರಲಿಲ್ಲವಲ್ಲ! ಮತ್ತೊಂದು, ಎಡ! ಮತ್ತೆರಡು, ಬಲ! ಹದಿನೇಳು ಸಲ ಕೆಮ್ಮಿದ ಪುಣ್ಯಾತ್ಮ. ವಿಮಾನ ಹೆಂಡ ಕುಡಿದವನ ಹಾಗೆ ಮೋಡ ಮೋಡಕ್ಕೂ ಡಿಕ್ಕಿ ಹೊಡೆಯಿತು.

"ಇದೇನಯ್ಯ ಹಿಂಗೆ ತೂರಾಡ್ತದೆ?"

"ಗಾಳಿ! ಮೇಲೆ ಭಾರಿ ಗಾಳಿ! ಚಂಪಾ, ಯಜಮಾನ್ರಿಗೆ ನೀರು ಕೊಡಮ್ಮ, ಬೇಗ ಕೊಡು, ಚೊಂಬು ಪೂರ್ತಿ ಕೊಡು!"

ನೀರು ಕುಡಿದು ಕೆಮ್ಮು ನಿಂತಿತು. ವಿಮಾನವೂ ತಣ್ಣಗಾಯಿತು. ಮೈಸೂರು ಕಂಡಿತು, ರನ್‌ವೇ ಕಂಡಿತು. ಖೊಹ್. ಖೊಹ್, ಖೊಹ್. ಚಕ್ರ ನೆಲ ಮುಟ್ಟಿತು! ಬನಶಂಕರಪ್ಪನ ಜನ್ಮದಲ್ಲಿ ಮೊದಲನೇ ಸಲ ಚಕ್ರ ಮೊದಲು ನೆಲ ಮುಟ್ಟಿತು! ದೇವೀರಮ್ಮ ವೀಳ್ಯದ ತಟ್ಟೆ ಎತ್ತಿಕೊಂಡಳು. ಹಿರಿಯರೆಲ್ಲ ಚಪ್ಪಾಳೆಗೆ ಕೈಯೆತ್ತಿದರು. ಅಡವೀಶಯ್ಯನೂ ಕೈಯೆತ್ತಿದ. ಕೈಯೆತ್ತಿದಾಗ ಊರುಗೋಲು ಜಾರಿತು. ಜಾರಿ ಸೀರೆಯಡಿಯಿಂದ ಒಳಗೆ ಹೋಗಿ ಚೌಡನ ಎದುರಿಗೆ ಅಡ್ಡ ಬಿತ್ತು.

ಎದುರಿಗೆ ಅಡ್ಡ! ಯಾರನ್ನೂ ಕೇಳುವ ಹಾಗಿಲ್ಲ! ಎರಡೂ ಕಾಲು ಊರಿ, ಮೈಭಾರ ಎಲ್ಲ ಹಾಕಿ ಒತ್ತಿದ ನೋಡಿ! ಎರಡೂ ಬ್ರೇಕು ಕಚ್ಚಿಕೊಂಡವು. ವಿಮಾನ ಮೂತಿ ಊರಿ, ಬಾಲ ಎತ್ತಿ, ಲಾಗ ಹೊಡೆದು ಅಂಗಾತ ಬಿತ್ತು. ಪರದೆ ತುಂಬ ಬೆಂಕಿ!

"ಅಯ್ಯಯ್ಯೋ, ಒಳಗಿದ್ದೋರ ಗತಿ!" ಅಂದ ಒಬ್ಬ ಹಿರಿಯ.

ಬನಶಂಕರಪ್ಪನ ಮುಖ ಕಪ್ಪಿಟ್ಟಿತು. "ಪೆಡಲು ಸರಿಯಿಲ್ಲ ಯಜಮಾನ್ರೇ, ಪೆಡಲು ಕೈಕೊಡ್ತು."

"ಎಲ್ಲಿ ನೋಡಾಣ ನಿನ್ನ ಪೆಡಲು. ನನ್ನ ಕೋಲೂ ಅಲ್ಲೇ ಹೋಯ್ತು" ಅಂತ ಅಡವೀಶಯ್ಯ ಬಗ್ಗಿ ಸೀರೆ ಎತ್ತಿದ. ಎತ್ತಿದರೆ ಕೆಳಗೆ ಆರಡಿ ಚೌಡ, ಮಡಚಿ ಮೂರಡಿಯಾಗಿ ಕೂತಿದ್ದಾನೆ!

"ಇವ ನಮ್ಮ ದೇವೀರಿ ಮಗ ಅಲ್ವೇನಯ್ಯ! ನಿನ್ನ ಸೋದರಳಿಯ! ಇಲ್ಲಿ ಯಾಕೆ ಕೂತವ್ನೆ?"

ಎಲ್ಲರೂ ಬನಶಂಕರಪ್ಪನನ್ನು ನೋಡಿದರು. ಆಗ ಆ ಮನುಷ್ಯ ಏನಂದ ಗೊತ್ತಾ? "ನನಗೇನು ಗೊತ್ತು! ಕಳ್ಳನ ಹಾಗೆ ನುಗ್ಗಿ ಕೂತವ್ನೆ! ಇವನೇ ನನ್ನ ವಿಮಾನ ಕೆಡಿಸಿದ್ದು! ಇಂಥವನಿಗೆ ಮಗಳನ್ನ ಕೊಡ್ತೀನಾ ನಾನು?"

"ಯಾರು ಕೂರಿಸಿದ್ರೋ ನಿನ್ನ?" ಅಂತ ಅಡವೀಶಯ್ಯ ತನ್ನ ಕೋಲು ಎಳೆದುಕೊಳ್ಳುತ್ತಾ ಕೇಳಿದ. ಚೌಡ ಮಾತಾಡಲಿಲ್ಲ. "ಹೇಳೋ ಮಗ!" ಅಂದಳು ದೇವೀರಮ್ಮ. ಮಾತಾಡಲಿಲ್ಲ. "ಹೊರಗಾದ್ರೂ ಬಾರೋ!" ಬರಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಾವನ ಮುಖವನ್ನೇ ನೋಡುತ್ತಾ ಕೂತ. ಮಾವ ಹೇಳಬೇಕು. ಮಾವ ಹೇಳುವುದಿಲ್ಲ!

ಇಷ್ಟು ವರ್ಷ ಮಗನನ್ನು ಬೈದ ದೇವೀರಮ್ಮ ಈಗ ಅಣ್ಣನ ಕಡೆ ತಿರುಗಿದಳು. "ಅಣ್ಣಯ್ಯ! ನನ್ನ ಮಗ ಪೆದ್ದ, ಒಪ್ಕೋತೀನಿ! ಪೆದ್ದ ಆದ್ರೂ ನೀನು ಸುಮ್ನಿರು ಅಂದಿದ್ದಕ್ಕೆ ಬಾಯಿ ಹೊಲ್ಕೊಂಡು ಕಳ್ಳ ಅನ್ನಿಸ್ಕೊಂಡು ಕೂತವ್ನೆ! ನೀನು ಜಾಣ, ಟೋಪಿ ಬೇರೆ ಹಾಕಿದ್ದೀಯ! ಒಡಹುಟ್ಟಿದೋಳ ಮಗನ್ನ ಕಳ್ಳ ಅಂತೀಯಲ್ಲ, ನಿನ್ನ ನಾಲಿಗೆ ಹೆಂಗೆ ಹೊರಳ್ತು!"

ಬನಶಂಕರಪ್ಪ ಟೋಪಿಯನ್ನು ಕಣ್ಣ ಮೇಲಕ್ಕೆ ಎಳೆದುಕೊಂಡ.

ಆಗ ಚಂಪಾ ಬಂದಳು. ಜಗಳವಿಲ್ಲ, ವಾದವಿಲ್ಲ. ಅಪ್ಪನ ಕುರ್ಚಿಯನ್ನು ಅಪ್ಪನ ಸಮೇತ ಪಕ್ಕಕ್ಕೆ ತಳ್ಳಿದಳು. ತಾನೊಂದು ಸ್ಟೂಲು ಎಳೆದು ಕೂತಳು. ಮೈಸೂರಿನ ಹತ್ತಿರವೇ ಆಕಾಶದಲ್ಲಿ ಹೊಸ ವಿಮಾನ ಬರಿಸಿಕೊಂಡಳು. "ಅಡವೀಶಜ್ಜ, ಸ್ವಲ್ಪ ಕೆಮ್ಮು ತಡ್ಕೊಳ್ಳಿ" ಅಂದಳು. ಆಮೇಲೆ, ಅಪ್ಪ ಬೆಳಗ್ಗೆ ಹೇಳಿಕೊಟ್ಟದ್ದನ್ನು ಕೇಳಿಸಿಕೊಂಡಿದ್ದವಳು ತಾನೇ ಕೆಮ್ಮಿದಳು, ಖೊಹ್. ಮೂತಿ ಎಡಕ್ಕೆ. ಖೊಹ್, ಖೊಹ್. ಮೂತಿ ಬಲಕ್ಕೆ. ಸದ್ದಿಲ್ಲದೆ ಇಳಿದು, ಬಿಳಿ ಗೆರೆಯ ಮೇಲೇ ಓಡಿ, ವಿಮಾನ ನಿಂತಿತು. ಒಂದು ದೀಪವೂ ಅಲುಗಲಿಲ್ಲ!

ಕೆಮ್ಮಿನ ಗುಟ್ಟು ಹಿರಿಯರಿಗೆಲ್ಲ ತಿಳಿಯಿತು. ಮೊದಲು ಅಡವೀಶಯ್ಯ ನಕ್ಕ, ಆಮೇಲೆ ಮನೆಯೇ ನಕ್ಕಿತು.

"ನೋಡಿದ್ರಾ?" ಅಂದಳು ಚಂಪಾ. "ನಮ್ಮಪ್ಪ ಹೇಳೋದೊಂದು, ಮಾಡೋದೊಂದು. ಇವನು ಹೇಳಿದ್ದನ್ನೇ ಮಾಡ್ತಾನೆ. ಹೇಳೋರು ಸರಿಯಾಗಿ ಹೇಳಬೇಕು, ಅಷ್ಟೇ. ನನಗೆ ಹೇಳೋಕೆ ಬರ್ತದೆ. ಅತ್ತೆ, ತಟ್ಟೆ ತನ್ನಿ, ನಾನು ಇವನನ್ನೇ ಆಗ್ತೀನಿ."

ದೇವೀರಮ್ಮ ತಟ್ಟೆ ತಂದಳು. ಆದರೆ ಹುಡುಗ ಮೇಜಿನ ಕೆಳಗೇ! ಮಾವನ ಅಪ್ಪಣೆಯಿಲ್ಲದೆ ಬರುವವನಲ್ಲ. "ಬಾಯಿ ಬಿಡಯ್ಯ ಬನಶಂಕರಪ್ಪ, ಮುಹೂರ್ತ ಮೀರ್ತದೆ" ಅಂದ ಅಡವೀಶಯ್ಯ. ಬನಶಂಕರಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಗಂಟಲಲ್ಲೇ ಅಂದ, "ನಾನೇ ಕಣ್ರಯ್ಯ ಕೂರಿಸಿದ್ದು. ಬಾರೋ ಚೌಡ, ಹೊರಗೆ ಬಾ. ಇನ್ಮೇಕೆ ನನ್ನ ಮಾತು ಕೇಳಬೇಡ ಮಾರಾಯ. ಚಂಪಾ ಏನು ಹೇಳ್ತಾಳೋ ಅದನ್ನ ಮಾಡು."

"ಆಗ್ಲಿ ಮಾವ, ಇನ್ಮೇಕೆ ಹಂಗೇ ಮಾಡ್ತೀನಿ."

ಚೌಡ ಹೊರಗೆ ಬಂದ. ಬಂದವನೇ ಚಂಪಾ ಎದುರಿಗೆ ಹೋಗಿ, ಕೈ ಮುಗಿದು, ಆರಡಿ ಎತ್ತರ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದ. "ಹೇಳು ಚಂಪಾ, ಏನು ಮಾಡ್ಲಿ?"

ಹಿರಿಯರು ಹೋ ಅಂದರು. "ಹೇಳಮ್ಮ, ಹೇಳು! ಗಂಡನಿಗೆ ಮೊದಲ್ನೇ ಅಪ್ಪಣೆ!" ಅಂದ ಅಡವೀಶಯ್ಯ. ವಿಮಾನ ಇಳಿಸುವಾಗ ಹೆದರದ ಹುಡುಗಿ ಈಗ ಕಿವಿ ತನಕ ಕೆಂಪಾದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಂದಳು, "ಥೂ, ಹೋಗೋ ಅತ್ಲಾಗೆ!"

"ಆಗ್ಲಿ" ಅಂದ ಚೌಡ. ಹೋದ.

ಎಲ್ಲರೂ ನಕ್ಕರು, ಹುಡುಗನಿಗೂ ನಾಚಿಕೆಯಾಯಿತು ಅಂದುಕೊಂಡರು. ದೇವೀರಮ್ಮ ಒಬ್ಬಳು ನಗಲಿಲ್ಲ. ಅವಳಿಗೆ ಮಗ ಗೊತ್ತು. ತಟ್ಟೆ ಹಿಡಿದುಕೊಂಡೇ ಬೀದಿಗೆ ಓಡಿದಳು. ಬೀದಿಯಲ್ಲಿ ಚೌಡ ಇಲ್ಲ. ಕೆರೆ ಏರಿ ಮೇಲೆ ಇಲ್ಲ. ಹಿಂದಿನಿಂದ ಚಂಪಾ, "ಬಾರೋ, ವಾಪಸ್ ಬಾರೋ!" ಅಂತ ಕೂಗುತ್ತಾ ಓಡಿ ಬಂದಳು. ಕೂಗು ಮುಟ್ಟುವಷ್ಟು ದೂರದಲ್ಲಿ ಅವನಿದ್ದರೆ ತಾನೇ! ಬಸ್ ನಿಲ್ದಾಣದಲ್ಲಿ ಹೂ ಮಾರುವವಳು ಹೇಳಿದಳು. "ನಿನ್ನ ಮಗ ಈಗ ತಾನೇ ಇಲ್ಲಿಂದ ಬಿರಬಿರನೆ ನಡ್ಕೊಂಡು ಹೋದ ಕಣವ್ವ. ಎಲ್ಲಿಗ್ಲಾ ಅಂದೆ. ಚಂಪಾ ಹೋಗು ಅಂದ್ಲು, ಎಲ್ಲಿ ತನಕ ಅಂತ ಹೇಳಲಿಲ್ಲ ಅಂದ."

ದೇವೀರಮ್ಮ ವೀಳ್ಯದ ತಟ್ಟೆ ಹಿಡಿದು ಅಲ್ಲೇ ಕುಸಿದು ಕೂತಳು. ಪಕ್ಕದಲ್ಲಿ ಚಂಪಾ ಕೂತಳು. ಹೇಳೋಕೆ ಬರ್ತದೆ ಅಂದವಳ ಮೊದಲ ಮಾತೇ ಹಿಂಗಾಯಿತು!

ನೋಡ್ರಪ್ಪ, ಅವನು ಇನ್ನೂ ನಡೀತಾನೇ ಇದ್ದಾನೆ. ನಿಮ್ಮೂರ ದಾರಿಯಲ್ಲಿ ಆರಡಿ ಆಳು ಒಬ್ಬ ಸಿಕ್ಕಿದರೆ, ಪುಣ್ಯ ಕಟ್ಟಿಕೊಳ್ಳಿ, "ನಿಲ್ಲು" ಅಂತ ಮಾತ್ರ ಅನ್ನಬೇಡಿ. ನಡುರಸ್ತೆಯಲ್ಲೇ ನಿಂತುಬಿಡ್ತಾನೆ. "ಮನೆಗೆ ಹೋಗು" ಅಂತಲೂ ಅನ್ನಬೇಡಿ, ಯಾವ ಮನೆ ಮೊದಲು ಸಿಕ್ಕಿದರೆ ಅದಕ್ಕೇ ನುಗ್ಗುತ್ತಾನೆ. ನೂಲಕೆರೆ, ಬಸ್ ನಿಲ್ದಾಣ, ಅಲ್ಲಿ ತಟ್ಟೆ ಹಿಡಿದುಕೊಂಡು ಇಬ್ಬರು ಹೆಂಗಸರು ಕೂತಿದ್ದಾರೆ, ಅವರ ಹತ್ತಿರ ಹೋಗಿ ಕೂತ್ಕೋ ಅನ್ನಿ. ಎಲೆ ಬಾಡುವುದರೊಳಗೆ ಅನ್ನಿ.